ಮಳೆ ನೋಡಿ ಪಾರ್ಕಿಗೆ ಹೊರಡುವ ಕ್ರಮ: ಲಾಯಿಲ ಆವೃತ್ತಿ

ಹೊಸ ಮಿಕ್ಸಿ ತಂದರೆ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತದೆ. ಅದನ್ನು ಓದಿದವರನ್ನು ನಾನು ಕಂಡಿಲ್ಲ, ಆದರೂ ಇರುತ್ತದೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಥೀಮ್ ಪಾರ್ಕಿಗೆ ಹೋಗುವುದು ಮಿಕ್ಸಿ ತಿರುಗಿಸುವುದಕ್ಕಿಂತ ಎಷ್ಟೋ ಪಾಲು ಅಪಾಯದ ಕೆಲಸ. ಅದಕ್ಕೆ ಮಾತ್ರ ಯಾರೂ ಪುಸ್ತಕ ಮಾಡಿಲ್ಲ. ಆರು ವರ್ಷದಲ್ಲಿ ಐದು ಸಲ ಹೊರಟು, ಮೂರು ಸಲ ತಲುಪಿ, ಒಂದೇ ಒಂದು ಸಲ ಗೇಟು ಮುಚ್ಚುವವರೆಗೆ ಒಳಗಿದ್ದು ಬಂದ ಅನುಭವದ ಮೇಲೆ ಈ ಕೈಪಿಡಿ ಬರೆದಿದ್ದೇನೆ. ಬಳಸುವ ಮೊದಲು ಪೂರ್ತಿ ಓದಿ. ಓದಿದ ಮೇಲೆ ಜೋಪಾನವಾಗಿ ಇಡಿ. ಮಳೆಗಾಲವಾದರೆ ಒಲೆಯ ಮೇಲಿನ ಅಟ್ಟದಲ್ಲಿ ಇಡಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ.

ಇದು ಲಾಯಿಲದ ಆವೃತ್ತಿ. ಬೆಳ್ತಂಗಡಿ ದಾಟಿ ಉಜಿರೆ ಮುಟ್ಟುವ ಮೊದಲು ಸಿಗುವ ಊರು ನಮ್ಮದು. ಬಸ್ಸಿನಲ್ಲಿ ಕಣ್ಣು ಮುಚ್ಚಿದವರಿಗೆ ಸಿಗುವುದಿಲ್ಲ. ಮನೆಯೆದುರು ಮಂಗಳೂರು–ತುಮಕೂರು ಹೆದ್ದಾರಿ, ಹಿಂದೆ ಅಡಿಕೆ ತೋಟ, ಮೂಡಣಕ್ಕೆ ನೋಡಿದರೆ ಘಟ್ಟ. ಮೈಸೂರಿನವರು, ಮಂಡ್ಯದವರು ಇದನ್ನು ಓದಿ ಹೊರಟು ಎಡವಟ್ಟಾದರೆ ನಾನು ಜವಾಬ್ದಾರನಲ್ಲ. ಅವರಿಗೆ ಕೈಪಿಡಿಯೇ ಬೇಡ. ಕೊಡೆ ಹಿಡಿದರೆ ಸಾಕು.

ಜೊತೆಗಿರಬೇಕಾದ ಬಿಡಿಭಾಗಗಳು

ಹೊರಡುವ ಮುಂಚೆ ಇವೆಲ್ಲ ಇವೆಯೇ ಎಂದು ನೋಡಿಕೊಳ್ಳಿ. ಪಾರ್ಕು ಪಾರ್ಕು ಎಂದು ಮೂರು ತಿಂಗಳಿಂದ ಜಪ ಮಾಡುತ್ತಿರುವ ಮಕ್ಕಳು, ಎರಡು. ಟಿಕೆಟ್ಟು ನಾನೇ ಬುಕ್ ಮಾಡುತ್ತೇನೆ, ನೀವು ಬನ್ನಿ ಎನ್ನುವ ಬೆಂಗಳೂರಿನ ಬಾವ, ಒಂದು. ಇವನು ಕೆಂಗೇರಿಯಲ್ಲಿದ್ದರೆ ಅನುಕೂಲ. ಹವಾಮಾನದ ಆ್ಯಪ್ ಇರುವ ಮೊಬೈಲು, ಎರಡು. ಎರಡೂ ಬೇರೆ ಬೇರೆ ಹೇಳಬೇಕು. ಮನೆ ನೋಡಿಕೊಳ್ಳಲು ಅಮ್ಮ, ಒಂದು. ಅಮ್ಮ ಬರೀ ಕಾವಲಿಗೆ ಎಂದು ತಿಳಿಯಬೇಡಿ. ಈ ಇಡೀ ಯಂತ್ರದಲ್ಲಿ ಮುನ್ಸೂಚನೆ ಸರಿಯಾಗಿ ಕೊಡುವ ಭಾಗ ಅದೊಂದೇ.

ಅಮ್ಮನ ಉಪಕರಣಗಳು ಎರಡು. ಒಂದು ಎಡಗಾಲಿನ ಗಂಟು. ಇನ್ನೊಂದು ಗಡಾಯಿಕಲ್ಲು. ನಡ ಗ್ರಾಮದ ಆ ಒಂಟಿ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟದ್ದು ಶತ್ರುಗಳು ಬರುವುದನ್ನು ನೋಡಲಿಕ್ಕೆ. ನಮ್ಮಮ್ಮ ಅದನ್ನು ನೋಡುವುದು ಬಟ್ಟೆ ಒಣಹಾಕಲಿಕ್ಕೆ. ಕಲ್ಲಿನ ತಲೆಗೆ ಮೋಡ ಮುಟ್ಟಾಳೆ ಇಟ್ಟ ಹಾಗೆ ಕೂತಿದ್ದರೆ ಬಟ್ಟೆ ಒಳಗೆ. ಘಟ್ಟ ಕೈಗೆ ಸಿಗುವ ಹಾಗೆ ಹತ್ತಿರ ಕಂಡರೂ ಒಳಗೆ. ಎರಡೂ ಅಲ್ಲದೆ ಆಕಾಶ ತೊಳೆದಿಟ್ಟ ಹಾಗಿದ್ದರೆ, "ನೋಡುವ, ಮೂರು ಗಂಟೆಯವರೆಗೆ ಇರಲಿ" ಎನ್ನುತ್ತಾರೆ. ಹವಾಮಾನ ಇಲಾಖೆಯೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ, ಅವರ ಹತ್ತಿರ ಉಪಗ್ರಹ ಉಂಟು.

ಯಾವ ಪಾರ್ಕು ಎಂದು ಮೊದಲು ತೀರ್ಮಾನಿಸಿ

ಹತ್ತಿರದ್ದೆಂದರೆ ಮಂಗಳೂರಿನ ವಾಮಂಜೂರು ಹತ್ತಿರ ಪಿಲಿಕುಳದಲ್ಲಿರುವ ಮಾನಸ ವಾಟರ್ ಪಾರ್ಕು. ಪಿಲಿ ಎಂದರೆ ಹುಲಿ, ಅದು ನೀರಿಗೆ ಬರುತ್ತಿದ್ದ ಕುಳ. ಈಗ ನೀರಿಗೆ ಬರುವುದು ನಾವು, ಹುಲಿ ಪಕ್ಕದ ಮೃಗಾಲಯದಲ್ಲಿ ಬೇಲಿಯೊಳಗೆ ಒಣಗಿಕೊಂಡಿರುತ್ತದೆ. ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ದಾರಿಯಲ್ಲಿ ಹೋದರೆ ಘಟ್ಟದ ರಗಳೆಯಿಲ್ಲ. ನಮ್ಮಲ್ಲಿ ಮಳೆಯಾದರೆ ಅಲ್ಲೂ ಮಳೆ, ನಮ್ಮಲ್ಲಿ ಬಿಸಿಲಾದರೆ ಅಲ್ಲೂ ಸುಮಾರಾಗಿ ಬಿಸಿಲು. ಪೂರ್ತಿ ಕೈಕೊಟ್ಟರೆ ಪಿಲಿಕುಳದಲ್ಲೇ ಸ್ವಾಮಿ ವಿವೇಕಾನಂದ ತಾರಾಲಯ ಉಂಟು. 2018ರಲ್ಲಿ ತೆರೆದದ್ದು, ಮೂರು ಆಯಾಮದಲ್ಲಿ ಆಕಾಶ ತೋರಿಸುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ದಕ್ಷಿಣ ಕನ್ನಡದ ಮಕ್ಕಳು ನಕ್ಷತ್ರ ನೋಡುವುದಿದ್ದರೆ ಆ ಗುಮ್ಮಟದೊಳಗೆ ಮಾತ್ರ.

ಈ ದಾರಿಯಲ್ಲಿ ಇನ್ನೊಂದು ಅನುಕೂಲ. ಮಳೆ ಹೊಡೆದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ನುಗ್ಗಬಹುದು. 1430ರಲ್ಲಿ ಅದನ್ನು ಕಟ್ಟಿದವರಿಗೆ ನಮ್ಮ ಮಳೆ ಗೊತ್ತಿತ್ತು. ಘಟ್ಟದ ಮೇಲಿನವರ ಹಾಗೆ ಗೋಪುರ ಎಬ್ಬಿಸದೆ ಮನೆಯ ಮಾಡಿನಂತೆ ಇಳಿಜಾರು ಮಾಡು ಇಳಿಸಿದರು. ಅದೇ ಪಾಠ ಅಮೆರಿಕದ ಡಿಸ್ನಿಯವರಿಗೆ ಹತ್ತಲು ಎಷ್ಟು ಕಾಲ ಬೇಕಾಯಿತು ನೋಡಿ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ ತೆರೆದಾಗ ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹಿಮ್ಮಡಿ ಚಪ್ಪಲಿಗಳು ನೆಲದಲ್ಲಿ ಹೂತುಹೋದವಂತೆ. ಮಳೆಯ ಊರಿಗೆ ಬಂದಾಗಲೇ ಬುದ್ಧಿ ಬಂದದ್ದು: 1983ರಲ್ಲಿ ತೆರೆದ ಟೋಕಿಯೋ ಡಿಸ್ನಿಲ್ಯಾಂಡಿನ ಮುಖ್ಯ ಬೀದಿಗೆ ಗಾಜಿನ ಮಾಡು ಹಾಕಿದರು. ವೇಣೂರಿನ ಬಾಹುಬಲಿಯ ಮಾತು ಬೇರೆ. ಅವನು 1604ರಿಂದ ಬಯಲಲ್ಲೇ ನಿಂತು ಅಷ್ಟೂ ಮಳೆಗಾಲ ಕಂಡಿದ್ದಾನೆ. ಆದರೆ ಅವನಿಗೆ ಒಣಗಿಸುವ ಬಟ್ಟೆ ಇಲ್ಲ.

ಇಷ್ಟೆಲ್ಲ ಅನುಕೂಲ ಇದ್ದರೂ ಮಕ್ಕಳು ಒಪ್ಪುವುದಿಲ್ಲ. ಕ್ಲಾಸಿನಲ್ಲಿ ಯಾರೋ ಒಬ್ಬ ವಂಡರ್‌ಲಾಕ್ಕೆ ಹೋಗಿ ಬಂದಿರುತ್ತಾನೆ. ಆಮೇಲೆ ಪಿಲಿಕುಳದ ಹುಲಿ ಮಾತಾಡಿದರೂ ನಡೆಯುವುದಿಲ್ಲ. ವಂಡರ್‌ಲಾ ಇರುವುದು ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ; 2005ರಿಂದ ಉಂಟು. ನಮ್ಮಿಂದ ಮುನ್ನೂರು ಕಿಲೋಮೀಟರ್ ಆಸುಪಾಸು. ನಡುವೆ ಪಶ್ಚಿಮ ಘಟ್ಟ.

ಕೈಪಿಡಿ ಬೇಕಾಗುವುದು ಇಲ್ಲಿಂದ ಮುಂದೆ.

ಮೂರು ಆಕಾಶಗಳನ್ನು ಜೋಡಿಸುವ ವಿಧಾನ

ಲಾಯಿಲದಿಂದ ಬಿಡದಿಗೆ ಹೊರಡುವವನಿಗೆ ಆಕಾಶ ಒಂದಲ್ಲ, ಮೂರು: ಮನೆಯದ್ದು, ಘಟ್ಟದ್ದು, ಪಾರ್ಕಿನದ್ದು. ಹೊಸಬರು ಮಾಡುವ ತಪ್ಪು ಒಂದೇ. ಅಂಗಳಕ್ಕೆ ಇಳಿದು, ಕತ್ತೆತ್ತಿ ನೋಡಿ, "ಈ ಮಳೆಗೆ ಎಂತ ಪಾರ್ಕು ಮಾರಾಯ" ಎಂದು ಒಳಗೆ ಬರುತ್ತಾರೆ. ಅಂಗಳದಿಂದ ಕಾಣುವುದು ಮೊದಲನೇ ಆಕಾಶ. ನಿಮ್ಮ ಪ್ರಯಾಣದ ಮಟ್ಟಿಗೆ ಅದು ತೀರಾ ಕೆಲಸಕ್ಕೆ ಬಾರದ್ದು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್. ಬೆಂಗಳೂರಿಗೆ 1,000ದ ಆಸುಪಾಸು. ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಮುಖ ಕೊಟ್ಟು ಮೇಲೇರುತ್ತದೆ, ಮೇಲೇರಿದ ಹಾಗೆ ತಣ್ಣಗಾಗುತ್ತದೆ, ಹೊತ್ತು ತಂದದ್ದನ್ನೆಲ್ಲ ನಮ್ಮ ತಲೆಯ ಮೇಲೂ ಚಾರ್ಮಾಡಿಯ ನೆತ್ತಿಯ ಮೇಲೂ ಸುರಿದು, ಆಚೆ ಕಡೆಗೆ ಬರಿಗೈಯಲ್ಲಿ ಇಳಿಯುತ್ತದೆ. ಜೂನ್, ಜುಲೈಯಲ್ಲಿ ನಾವು ಮೂರು ದಿನ ಸೂರ್ಯನ ಮುಖ ಕಾಣದೆ ಕೂತಿರುವಾಗ ಬೆಂಗಳೂರಿನ ಬಾವ ಫೋನು ಮಾಡಿ, "ಇಲ್ಲಿ ಸ್ವಲ್ಪ ತುಂತುರು, ಗಾಳಿ, ಕ್ಲೈಮೇಟು ಸೂಪರ್" ಎನ್ನುವುದು ಇದಕ್ಕೇ. ಅವನ ಮೇಲೆ ಸಿಟ್ಟು ಮಾಡಬೇಡಿ. ಅವನ ಸೂಪರ್ ಕ್ಲೈಮೇಟು ನಮ್ಮ ಮಳೆಯ ಚಿಲ್ಲರೆ.

ಲೆಕ್ಕ ಇನ್ನೊಂದು ಕಡೆ ತಲೆಕೆಳಗಾಗುತ್ತದೆ. ಸೆಪ್ಟೆಂಬರ್ ಬಂತೆಂದರೆ ನಮಗೆ ಮಳೆಗಾಲದ ಬೆನ್ನು ಮುರಿಯಿತು ಎಂಬ ಧೈರ್ಯ. ಸೋಣ ತಿಂಗಳ ಬಿಸಿಲು ಬಿದ್ದರೆ, ಅಕ್ಟೋಬರಿನ ದಸರಾ ರಜೆ ಎದುರಿದ್ದರೆ, ಇದೇ ಸರಿಯಾದ ಸಮಯ ಎನಿಸುತ್ತದೆ. ಆದರೆ ಬೆಂಗಳೂರಿನ ಕಡೆ ಅತಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಸಂಜೆ, ಗುಡುಗಿನೊಡನೆ. ನಾವು ಎರಡನೇ ಸಲ ಹೊರಟದ್ದು ಹೀಗೆ. ಮನೆಯಲ್ಲಿ ಬಿಸಿಲು, ಘಟ್ಟದಲ್ಲಿ ಬಿಸಿಲು, ಹಾಸನದಲ್ಲಿ ಬಿಸಿಲು. ಪಾರ್ಕಿನ (ಹೆಸರು ಬೇಡ) ಗೇಟಿನೊಳಗೆ ಕಾಲಿಟ್ಟು ಎರಡು ಗಂಟೆ ಆಗಿರಲಿಲ್ಲ, ಇಡೀ ವರ್ಷದ್ದು ಒಟ್ಟಿಗೆ ಬಂತು. ಲಾಯಿಲದವರು ಮಳೆಗೆ ಹೆದರಿ ಶೆಡ್ಡಿನೊಳಗೆ ನಿಂತದ್ದನ್ನು ಯಾರಾದರೂ ಊರಿನವರು ನೋಡಿದರೆ ಎಂದು ನಾಚಿಕೆಯಾಯಿತು. ಟಿಕೆಟ್ಟಿನ ಹಿಂದೆ ಮಳೆಯ ಕಾರಣಕ್ಕೆ ಹಣ ವಾಪಸಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಓದಲು ಸಮಯ ಬೇಕಾದಷ್ಟು ಸಿಕ್ಕಿತು.

ಇನ್ನು ನಡುವಿನ ಆಕಾಶ. ಎಲ್ಲ ತೀರ್ಮಾನವೂ ಇಲ್ಲಿ. ಚಾರ್ಮಾಡಿ ಘಾಟಿ ತೆರೆದಿದೆಯೇ, ಲಘು ವಾಹನಕ್ಕೆ ಮಾತ್ರವೇ, ರಾತ್ರಿ ಬಿಡುತ್ತಾರೆಯೇ ಎಂದು ಹೊರಡುವ ಹಿಂದಿನ ದಿನ ಕೇಳಿ, ಹೊರಡುವ ಬೆಳಿಗ್ಗೆ ಮತ್ತೆ ಕೇಳಿ. ಕೇಳಬೇಕಾದದ್ದು ಆ್ಯಪನ್ನಲ್ಲ, ಉಜಿರೆಯಲ್ಲಿ ಗಾಡಿ ನಿಲ್ಲಿಸಿಕೊಂಡಿರುವ ಟೆಂಪೊದವರನ್ನು. ಚಾರ್ಮಾಡಿ ಇಲ್ಲವಾದರೆ ಶಿರಾಡಿ, ಶಿರಾಡಿ ಇಲ್ಲವಾದರೆ ರೈಲು ಎಂದು ಹೇಳುವವರಿದ್ದಾರೆ. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ದೊಡ್ಡತಪ್ಲುವಿನ ಹತ್ತಿರ ಗುಡ್ಡ ರಸ್ತೆಗಿಳಿಯಿತು. ಅದೇ ತಿಂಗಳ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿ ವಾರಗಟ್ಟಲೆ ರೈಲು ಓಡಲಿಲ್ಲ. ಘಟ್ಟ ಕೈಕೊಡುವಾಗ ಒಂದೊಂದಾಗಿ ಕೈಕೊಡುವುದಿಲ್ಲ.

2019ರ ಆಗಸ್ಟ್ 9ರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ದಿನ ಚಾರ್ಮಾಡಿ, ದಿಡುಪೆ, ಮಲವಂತಿಗೆ ಕಡೆ ಗುಡ್ಡ ಕುಸಿದು, ಹೊಳೆಗಳು ಮರಗಳನ್ನೇ ಹೊತ್ತು ತಂದು, ಎಷ್ಟೋ ತೋಟಗಳು ಮರಳಿನ ದಿಬ್ಬವಾದವು. ಘಟ್ಟದ ರಸ್ತೆ ಬಹಳ ಕಾಲ ಮುಚ್ಚಿತ್ತು. ಅಲ್ಲಿಯವರೆಗೆ ಕೆಂಪು ಅಲರ್ಟ್ ಎಂದರೆ ಶಾಲೆಗೆ ರಜೆ ಎಂಬ ಅರ್ಥ ಮಾತ್ರ ಇತ್ತು ನಮ್ಮ ಮನೆಯಲ್ಲಿ. ಆಮೇಲೆ ಹಾಗಿಲ್ಲ. ಕೆಂಪು ಕಂಡ ದಿನ ಘಟ್ಟದ ಕಡೆ ಮುಖ ಹಾಕಬೇಡಿ. ಬಾವ ಟಿಕೆಟ್ಟು ಮಾಡಿದ್ದರೂ ಸರಿ.

ಬಣ್ಣ, ಶೇಕಡಾ ಮತ್ತು 'ಒಂದೆರಡು ಕಡೆ' ಎಂಬ ಮಾತು

ಹವಾಮಾನ ಇಲಾಖೆಯ ಬಣ್ಣಗಳಿಗೆ ಲೆಕ್ಕ ಉಂಟು. 24 ಗಂಟೆಯಲ್ಲಿ 64.5 ಮಿಲಿಮೀಟರಿಗಿಂತ ಮೇಲೆ ಬಿದ್ದರೆ ಭಾರಿ ಮಳೆ, ಸಾಮಾನ್ಯವಾಗಿ ಹಳದಿ. 115.6ರಿಂದ 204.4ರವರೆಗೆ ಅತಿ ಭಾರಿ, ಕಿತ್ತಳೆ. ಅದಕ್ಕೂ ಮೇಲಾದರೆ ಕೆಂಪು. ಈ ಲೆಕ್ಕ ಇಡೀ ದೇಶಕ್ಕೆ ಒಂದೇ. ಬೆಂಗಳೂರಿನಲ್ಲಿ 70 ಮಿಲಿಮೀಟರ್ ಬಿದ್ದರೆ ಅಂಡರ್‌ಪಾಸಿನಲ್ಲಿ ಕಾರು ತೇಲುತ್ತದೆ, ಟೀವಿಯವರು ದೋಣಿ ತರುತ್ತಾರೆ. ಲಾಯಿಲದಲ್ಲಿ ಜುಲೈ ತಿಂಗಳಲ್ಲಿ 70 ಬಿದ್ದರೆ, "ಇವತ್ತು ಸ್ವಲ್ಪ ಬಿಟ್ಟಿದೆ, ಪೇಟೆಗೆ ಹೋಗಿ ಬರುವ" ಎನ್ನುತ್ತಾರೆ. ಆದ್ದರಿಂದ ಹಳದಿಯನ್ನು ಊರು ನೋಡಿ ಓದಿ.

'ಒಂದೆರಡು ಕಡೆ' ಎಂದು ರೇಡಿಯೋದವರು ಹೇಳಿದರೆ, ಆ ಪ್ರದೇಶದ ಮಳೆಮಾಪಕಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವು ಒದ್ದೆಯಾಗುವುದಿಲ್ಲ ಎಂದರ್ಥ. 'ಬಹುತೇಕ ಎಲ್ಲ ಕಡೆ' ಎಂದರೆ ಮುಕ್ಕಾಲು ಭಾಗ ದಾಟುತ್ತದೆ. ಒಂದೆರಡು ಕಡೆ ಎಂದರೆ ಯಾವ ಒಂದೆರಡು ಕಡೆ ಎಂದು ಕೇಳುವ ಹಕ್ಕು ನಿಮಗಿಲ್ಲ. ನೀವು ಬಟ್ಟೆ ಹಾಕಿದ ಕಡೆ.

2025ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಹೊಸ ವ್ಯವಸ್ಥೆ ತಂದಿತು. ಮೊದಲು ಭೂಮಿಯನ್ನು 12 ಕಿಲೋಮೀಟರಿನ ಚೌಕಗಳಾಗಿ ಮಾಡಿ ಲೆಕ್ಕ ಹಾಕುತ್ತಿದ್ದವರು ಈಗ 6 ಕಿಲೋಮೀಟರಿಗೆ ಇಳಿದಿದ್ದಾರೆ. ದೊಡ್ಡ ಸಾಧನೆಯೇ, ಸಂಶಯವಿಲ್ಲ. ಆದರೆ ಆರು ಕಿಲೋಮೀಟರಿನ ಚೌಕದಲ್ಲಿ ಲಾಯಿಲವೂ ಹಿಡಿಸುತ್ತದೆ, ಪಕ್ಕದ ಉಜಿರೆಯ ಅರ್ಧವೂ ಹಿಡಿಸುತ್ತದೆ. ನಮ್ಮಲ್ಲಿ ಹೆದ್ದಾರಿಯ ಈ ಬದಿಗೆ ಮಳೆ ಬಂದು ಆ ಬದಿಯ ಅಂಗಡಿಯವನು ಒಣಗಿ ನಿಂತಿರುವುದನ್ನು ನಾನೇ ಕಂಡಿದ್ದೇನೆ. ಅಂಗಡಿಯವನ ಚೌಕ ಯಾವುದೋ.

ಸರಿ, ಶೇಕಡಾ. '60% ಮಳೆ' ಎಂದು ಮೊಬೈಲು ಹೇಳಿದರೆ ನೂರರಲ್ಲಿ ಅರವತ್ತು ಭಾಗ ನೆನೆಯುತ್ತೀರಿ ಎಂದಲ್ಲ. ಇಂಥ ಹತ್ತು ದಿನಗಳಲ್ಲಿ ಆರು ದಿನ ಮಳೆ ಬರಬಹುದು ಎಂದು. ಇದನ್ನು ಅಮ್ಮನಿಗೆ ಹದಿನೈದು ನಿಮಿಷ ವಿವರಿಸಿದೆ. ಪೂರ್ತಿ ಕೇಳಿ, "ಇವತ್ತು ಆ ಆರರಲ್ಲಿ ಒಂದಾ, ನಾಲ್ಕರಲ್ಲಿ ಒಂದಾ?" ಎಂದರು. ಈ ಕೈಪಿಡಿಯಲ್ಲಿ ಅದಕ್ಕೆ ಉತ್ತರವಿಲ್ಲ.

ತಿಂಗಳು ಆರಿಸುವುದು

ಇದು ಸುಲಭದ ಅಧ್ಯಾಯ ಎಂದುಕೊಂಡಿದ್ದೆ. ವರ್ಷಕ್ಕೆ ಹನ್ನೆರಡು ತಿಂಗಳು, ಮಳೆಗೆ ನಾಲ್ಕು ಹೋದರೆ ಎಂಟು ಉಳಿಯಬೇಕು. ಉಳಿಯುವುದಿಲ್ಲ.

ನವೆಂಬರಿನಿಂದ ಅಡಿಕೆ ಕೊಯ್ಲು. ಕೊಯ್ದದ್ದು ಅಂಗಳದಲ್ಲಿ ನಲವತ್ತು ದಿನ ಒಣಗಬೇಕು; ಒಂದು ಸಲ ಒದ್ದೆಯಾದರೆ ಚಾಲಿಯ ಬಣ್ಣ ಹೋಯಿತು, ಬೆಲೆ ಹೋಯಿತು. ಅಡಿಕೆ ಹರವಿಟ್ಟ ಮನೆಯಿಂದ ಒಬ್ಬರೂ ಅಲುಗಾಡುವ ಹಾಗಿಲ್ಲ, ಟರ್ಪಾಲು ಎಳೆಯಲು ಜನ ಬೇಕು. ಡಿಸೆಂಬರ್, ಜನವರಿಯಲ್ಲಿ ಆಕಾಶ ಎಲ್ಲ ಕಡೆ ತೆರೆದಿರುತ್ತದೆ, ಘಟ್ಟ ಹುಡುಗಿಯ ಬೈತಲೆ ಹಾಗೆ ಸ್ವಚ್ಛ, ಬಿಡದಿಯಲ್ಲಿ ಒಂದು ಹನಿಯಿಲ್ಲ. ಮೂರೂ ಆಕಾಶ ಒಟ್ಟಿಗೆ ಒಪ್ಪಿದ ಅಪರೂಪದ ಕಾಲ. ಅಂಗಳದಲ್ಲಿ ಅಡಿಕೆ. ಅದರ ಮೇಲೆ ಜಾತ್ರೆ, ನೇಮ, ಬಯಲಾಟ, ವಾರಕ್ಕೆ ಮೂರು ಮದುವೆ. ಹೋದರೂ ಆ ಕಡೆಯ ಚಳಿಗೆ ಬೆಳಿಗ್ಗೆ ಹತ್ತೂವರೆಗೆ ನೀರಿಗಿಳಿಯುವುದೆಂದರೆ ಕರಾವಳಿಯವರ ಹಲ್ಲು ತಾಳ ಹಾಕುತ್ತದೆ.

ಫೆಬ್ರವರಿ, ಮಾರ್ಚ್ ಪರೀಕ್ಷೆ. ಏಪ್ರಿಲ್, ಮೇ ರಜೆ. ರಜೆಯಲ್ಲಿ ಹೋಗುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದ್ದರಿಂದ ಎಲ್ಲರೂ ಅಲ್ಲೇ ಇರುತ್ತಾರೆ. ಒಂದು ಜಾರುಬಂಡೆಗೆ ಮುಕ್ಕಾಲು ಗಂಟೆ ಸಾಲು ನಿಂತು ಎಂಟು ಸೆಕೆಂಡು ಜಾರುವುದು. ಸೆಕೆಗೆ ತೋಟಕ್ಕೆ ದಿನ ಬಿಟ್ಟು ದಿನ ನೀರು ಬಿಡಬೇಕು. ಸಂಜೆ ಮೂರರ ಮೇಲೆ ಘಟ್ಟದ ಬುಡದಲ್ಲಿ ಗುಡುಗು.

ಮೇ ಕೊನೆಗೆ ಪತ್ತನಾಜೆ. ಬೇಶ ತಿಂಗಳ ಹತ್ತಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳಿಗೂ ನೇಮ ಮುಗಿಯುತ್ತದೆ. ಉಪಗ್ರಹ ಇಲ್ಲದ ಕಾಲದಲ್ಲಿ ತುಳುನಾಡಿನವರು ಮಾಡಿಕೊಂಡ ಹವಾಮಾನ ಪ್ರಕಟಣೆ ಇದು: ಇನ್ನು ಹೊರಗೆ ರಂಗಸ್ಥಳ ಹಾಕಬೇಡಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆ ಜೂನ್ 1ಕ್ಕೆ. 2023ರಲ್ಲಿ ಎಂಟನೇ ತಾರೀಕಿನವರೆಗೆ ಕಾಯಿಸಿತು. 2025ರಲ್ಲಿ ಮೇ 24ಕ್ಕೇ ಬಂತು, ಹೆಚ್ಚು ಕಡಿಮೆ ಪತ್ತನಾಜೆಯ ಲೆಕ್ಕಕ್ಕೆ. ಆ ವರ್ಷ ಅಮ್ಮ ಒಂದು ವಾರ ಯಾರ ಜೊತೆಗೂ ವಾದ ಮಾಡಲಿಲ್ಲ, ಸುಮ್ಮನೆ ನೋಡಿದರು.

ಇನ್ನು ಮಳೆಗಾಲ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಪಾರ್ಕಿನದ್ದಲ್ಲ, ತೋಟದ್ದು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಎರಡನೆಯದು ಬಂದು ಬೀಳುವುದು ಜಡಿಮಳೆಯ ನಟ್ಟನಡುವೆ. ಗೊನೆಗೆ ಮದ್ದು ಹಿಡಿದುಕೊಳ್ಳಬೇಕಾದರೆ ಕೆಲವು ಗಂಟೆಯಾದರೂ ಮಳೆ ಬಿಡಬೇಕು. ಮಳೆ ಬಿಟ್ಟ ದಿನ ಇಡೀ ತಾಲೂಕಿಗೆ ಮದ್ದು ಬಿಡುವವರು ಬೇಕು, ಇರುವವರು ಬೆರಳೆಣಿಕೆ. ಆದ್ದರಿಂದ ಅವರು ನಾಳೆ ಬರುತ್ತೇನೆ ಎಂದು ಹೇಳುವ ಪದ್ಧತಿಯಿಲ್ಲ. ಬೆಳಿಗ್ಗೆ ಏಳಕ್ಕೆ ಗೇಟಿನ ಹೊರಗೆ ದೋಟಿ ಹಿಡಿದು ನಿಂತು ಕೂಗುತ್ತಾರೆ. ಆಗ ನೀವು ಮನೆಯಲ್ಲಿರಬೇಕು. ಆ ಒಂದು ಕೂಗಿಗೆ ಕಾದು ಜುಲೈ ತಿಂಗಳಿಡೀ ಮನೆಯಲ್ಲೇ ಕೂತವರನ್ನು ನಾನು ಬಲ್ಲೆ.

ಹಾಗಾದರೆ ಹೊರಡುವುದು ಯಾವಾಗ? ಬಿಸಿಲಿನ ದಿನಗಳೆಲ್ಲ ಮುಂಗಡವಾಗಿ ಅಡಿಕೆಯ ಹೆಸರಿಗೆ ಬರೆದಾಗಿದೆ. ಉಳಿದದ್ದು ಮಳೆಯ ದಿನ. ಯೋಚನೆ ಮಾಡಿದರೆ ನೀರಿನ ಪಾರ್ಕಿಗೆ ಅದೇನೂ ಕೆಟ್ಟ ದಿನವಲ್ಲ. ಹೋಗುವುದೇ ಒದ್ದೆಯಾಗಲಿಕ್ಕೆ, ಮೇಲಿನಿಂದ ನಾಲ್ಕು ಹನಿ ಜಾಸ್ತಿ ಬಿದ್ದರೆ ಎಂತ? ವಾರದ ನಡುವೆ ಹೋದರೆ ಜನವಿಲ್ಲ, ಜುಲೈಯಲ್ಲಿ ಬಿಡದಿಯಲ್ಲಿ ಮಳೆ ಕಡಿಮೆ, ಸಿಡಿಲೂ ಏಪ್ರಿಲ್‌–ಮೇಯಷ್ಟು ಇಲ್ಲ. ಹೀಗೆ ನಾವು ಕೊನೆಗೆ ಬಂದು ನಿಂತದ್ದು ಆಟಿ ತಿಂಗಳಿಗೆ. ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನೇಮ ಇಲ್ಲ, ಮದುಮಗಳು ಕೂಡ ತವರಿಗೆ ಬಂದು ಕೂರುತ್ತಾಳೆ. ಥೀಮ್ ಪಾರ್ಕಿಗೆ ಹೋಗಬಾರದು ಎಂದು ಹಿರಿಯರು ಹೇಳಿದ್ದು ನನಗೆ ಗೊತ್ತಿಲ್ಲ.

ಎಚ್ಚರಿಕೆ: ಗುಡುಗು

ಮಳೆಗೆ ಪಾರ್ಕು ನಿಲ್ಲುವುದಿಲ್ಲ, ಮಿಂಚಿಗೆ ನಿಲ್ಲುತ್ತದೆ. ಎತ್ತರದ ಕಬ್ಬಿಣದ ಗೋಪುರ, ಬಯಲು, ನೀರು, ಬರಿಮೈ ಜನ. ಸಿಡಿಲಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಪತ್ರಿಕೆ ಇನ್ನೊಂದಿಲ್ಲ. ಮಿಂಚು ಕಂಡ ಕೂಡಲೇ ಎಣಿಸಲು ಸುರು ಮಾಡಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವ ಮೊದಲು ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಉಂಟು; ನೀರಿನಿಂದ ಮೇಲೆ ಬನ್ನಿ, ಮಾಡಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಇಳಿಯಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕಿಕೊಂಡರೆ ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತದೆ. ತಮಾಷೆಯ ಕೈಪಿಡಿಯಲ್ಲಿ ಇದೊಂದು ಪ್ಯಾರಾ ತಮಾಷೆಯಲ್ಲ.

ಸಿಬ್ಬಂದಿ ಸೀಟಿ ಊದಿ ಹೊರಗೆ ಕರೆದರೆ ಜಗಳ ಮಾಡಬೇಡಿ. ಸವಾರಿ ಮತ್ತೆ ಸುರು ಮಾಡುವ ಮುಂಚೆ ಖಾಲಿ ಬಂಡಿಯನ್ನು ಒಂದು ಸುತ್ತು ಓಡಿಸಿ ನೋಡುತ್ತಾರೆ. ನಮ್ಮ ಕಡೆ ತೋಡಿಗೆ ಹಾಕಿದ ಅಡಿಕೆ ಮರದ ಸಂಕವನ್ನು ಮಳೆಗಾಲದಲ್ಲಿ ಹಾಗೆ ಯಾರು ಪರೀಕ್ಷೆ ಮಾಡುತ್ತಾರೆ? ಅದರ ಮೇಲೆ ದಾಟಲು ಎತ್ತರದ ಅಳತೆಕೋಲಿಲ್ಲ, ಬೆಲ್ಟಿಲ್ಲ, ಕೆಳಗೆ ಕೆಂಪು ನೀರು, ಬೆನ್ನಿಗೆ ಪುಸ್ತಕದ ಚೀಲ. ಅದರಲ್ಲಿ ದಿನಕ್ಕೆರಡು ಸಲ ದಾಟುವ ಮಕ್ಕಳಿಗೆ ರೋಲರ್ ಕೋಸ್ಟರ್ ಮೊದಲ ತಿರುವಿನಲ್ಲಿ ಸ್ವಲ್ಪ ಸಪ್ಪೆಯೇ ಕಾಣುತ್ತದೆ.

ಸಾಮಾನ್ಯ ದೋಷಗಳು

ಯಂತ್ರ ಸುರುವಾಗುತ್ತಿಲ್ಲ: ಹೆಂಡತಿ ಮೆಣಸು ಒಣಹಾಕಿದ್ದಾಳೆಯೇ ನೋಡಿ.

ಮುನ್ಸೂಚನೆ ಕಾಣುತ್ತಿಲ್ಲ: ರಾತ್ರಿಯಿಂದ ಕರೆಂಟಿಲ್ಲ, ಮೊಬೈಲು ಸತ್ತಿದೆ, ಟವರೂ ಸತ್ತಿದೆ. ಎಂದರೆ ಮಳೆ ಜೋರಾಗಿದೆ. ಇದೇ ಮುನ್ಸೂಚನೆ.

ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆ, ಮಕ್ಕಳು ಪಾರ್ಕಿಗೆ ಎಂದು ಕುಣಿಯುತ್ತಿದ್ದಾರೆ: ರಜೆ ಕೊಟ್ಟದ್ದು ಮನೆಯಲ್ಲಿರಲು. ನೀರಿನ ಹತ್ತಿರ ಬಿಡಬೇಡಿ ಎಂದು ಅದೇ ಆದೇಶದ ಮುಂದಿನ ಸಾಲಿನಲ್ಲಿ ಉಂಟು. ಮಕ್ಕಳು ಆ ಸಾಲಿನವರೆಗೆ ಓದಿರುವುದಿಲ್ಲ.

ಒದ್ದೆ ಬಟ್ಟೆ ಒಣಗುತ್ತಿಲ್ಲ: ಇದಕ್ಕೆ ಪರಿಹಾರವಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಹಗ್ಗ ಕಟ್ಟಿ ಹಾಕಿಕೊಂಡು ಹಾಸನದ ಬಿಸಿ ಗಾಳಿಗೆ ಒಣಗಿಸಿದರೂ ಕೊಟ್ಟಿಗೆಹಾರಕ್ಕೆ ಬರುವಾಗ ಪುನಃ ಒದ್ದೆ.

ಚಾಲನೆ

ಜುಲೈ ಮೂರನೇ ವಾರದ ಒಂದು ಬುಧವಾರ. ಜಿಲ್ಲೆಗೆ ಹಳದಿ. ಹಿಂದಿನ ರಾತ್ರಿ ಜಡಿಮಳೆ. ಎರಡನೇ ಮದ್ದಿಗೆ ದಿನ ಆಗಿತ್ತು, ಆದರೆ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗಡಾಯಿಕಲ್ಲು ಇದೆಯೋ ಇಲ್ಲವೋ ಎಂಬಷ್ಟು ಮೋಡ. ಅಮ್ಮ ಗಂಟು ಮುಟ್ಟಿ ನೋಡಿ, "ಇವತ್ತು ಬಿಡಲಿಕ್ಕಿಲ್ಲ, ಹೋಗಿ ಬನ್ನಿ" ಎಂದರು. ಟೆಂಪೊದವರು ಚಾರ್ಮಾಡಿ ಉಂಟು ಎಂದರು. ಬೆಳಿಗ್ಗೆ ನಾಲ್ಕಕ್ಕೆ ಹೊರಟೆವು.

ಘಟ್ಟದಲ್ಲಿ ಬೊನೆಟ್ಟಿನ ತುದಿ ಕಾಣದಷ್ಟು ಮಂಜು. ಬಂಡೆ ಬಂಡೆಗೂ ನೀರು ಬೀಳುತ್ತಿತ್ತು, ಮಕ್ಕಳು ನಿದ್ದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದೆವು. ಮೂಡಿಗೆರೆಗೆ ಸೋನೆಮಳೆ, ಬೇಲೂರಿಗೆ ಮೋಡ, ಹಾಸನಕ್ಕೆ ಬೆಳಕು, ಚನ್ನರಾಯಪಟ್ಟಣಕ್ಕೆ ಬಿಸಿಲು. ಕಾರಿನ ವೈಪರು ನಿಲ್ಲಿಸಿದ ಸದ್ದಿಗೆ ಮಕ್ಕಳು ಎದ್ದರು. ಒಂದು ತಿಂಗಳಿಂದ ಅಂಥ ಮೌನ ಕೇಳಿರಲಿಲ್ಲ.

ಬಿಡದಿಯಲ್ಲಿ ತೆಳು ಬಿಸಿಲು, ಒಳ್ಳೆ ಗಾಳಿ, ಸಾಲುಗಳೇ ಇಲ್ಲ. ಮೂರೂ ಆಕಾಶ ಸರಿಯಾಗಿ ಜೋಡಣೆಯಾದ ಹೆಮ್ಮೆ ನನಗೆ. ಬಾವನಿಗೆ ಮಳೆ ನೆರಳು, ತೇವದ ಗಾಳಿ, 64.5 ಮಿಲಿಮೀಟರ್ ಎಲ್ಲ ವಿವರಿಸಿದೆ. ಅವನು ಹೂಂ ಎನ್ನುತ್ತ ಐಸ್‌ಕ್ರೀಮು ತಿಂದ. ಮಕ್ಕಳು ಎಲ್ಲ ಬಿಟ್ಟು ರೇನ್ ಡಿಸ್ಕೋ ಒಳಗೆ ಸೇರಿದ್ದರು. ಮೇಲಿನ ಪೈಪುಗಳಿಂದ ಪಂಪು ಹಚ್ಚಿ ಮಳೆ ಸುರಿಸುತ್ತಾರೆ, ಕೆಳಗೆ ಕುಣಿಯುವುದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಬಿಟ್ಟಿ ಬೀಳುವ ಊರಿನಿಂದ ಮುನ್ನೂರು ಕಿಲೋಮೀಟರ್ ಬಂದು, ತಲೆಗಿಷ್ಟು ಎಂದು ದುಡ್ಡು ಕೊಟ್ಟು, ನನ್ನ ಮಕ್ಕಳು ಮಳೆಯಲ್ಲಿ ಕುಣಿಯುತ್ತಿದ್ದರು. ಬಾಗಿಲ ಹತ್ತಿರ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೊಬೈಲು ಹಿಡಿದು ನಿಂತಿದ್ದೆ. ಹಾಡು ಮುಗಿದು ನೀರಿನ ಸದ್ದು ಮಾತ್ರ ಉಳಿದಾಗ ಫೋನು ಬಂತು.

"ಎಲ್ಲಿದ್ದಿ? ಇಲ್ಲಿ ಎಂಟು ಗಂಟೆಯಿಂದ ಚುರುಚುರು ಬಿಸಿಲು. ಮದ್ದು ಬಿಡುವವ ಬಂದು ನಿಂತಿದ್ದಾನೆ. ಮೈಲುತುತ್ತು ಎಲ್ಲಿಟ್ಟಿದ್ದಿ?"

"ಅಟ್ಟದಲ್ಲಿ, ಒಲೆಯ ಮೇಲೆ," ಎಂದೆ.

"ಎಂತದು ಆ ಸದ್ದು? ಅಲ್ಲಿ ಮಳೆಯಾ?"

ಏನು ಹೇಳುವುದೆಂದು ಒಂದು ಗಳಿಗೆ ತೋಚಲಿಲ್ಲ. ಹೌದಮ್ಮ, ಜೋರು, ಎಂದೆ.

"ನಾನು ಹೇಳಲಿಲ್ಲವಾ ಬಿಡಲಿಕ್ಕಿಲ್ಲ ಅಂತ. ಮಕ್ಕಳನ್ನು ಒಳಗೆ ಕರಿ, ತಲೆ ಒರಸು," ಎಂದು ಫೋನಿಟ್ಟರು.